ಸಹಾಯ ಬೇಕು: ಶೀತ ಕಣಿವೆಯ ಬೂದಿಮಣ್ಣಿನಲ್ಲಿ ಜೌಗನ್ನು ಗುರುತಿಸುವುದು ಹೇಗೆ?

ಮಣ್ಣುವಿಜ್ಞಾನ ಬಲ್ಲ ಹಿರಿಯರಿಗೆ ನಮಸ್ಕಾರ. ಅಮೆರಿಕದ ಉತ್ತರ ಇಡಾಹೊದಲ್ಲಿ, ಸೆಲ್ಕರ್ಕ್ ಪರ್ವತಗಳ ನಡುವೆ ಹಿಮನದಿ ಕೊರೆದ ಕಣಿವೆಯೊಂದರ ಮಣ್ಣನ್ನು ನನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಅಭ್ಯಸಿಸುತ್ತಿದ್ದೇನೆ. ಸುಮಾರು 7,700 ವರ್ಷಗಳ ಹಿಂದೆ, ಈಗ ಕ್ರೇಟರ್ ಸರೋವರವಿರುವ ಓರೆಗಾನ್‌ನ ಮಝಾಮಾ ಪರ್ವತ ಸಿಡಿದಾಗ ಹಾರಿಬಂದ ಬೂದಿಯೇ ಇಲ್ಲಿನ ಮೇಲ್ಪದರ. ಅದರಡಿಯಲ್ಲಿ ಹಿಮನದಿ ಅದುಮಿಟ್ಟ ಗಟ್ಟಿ ಕಲ್ಲುಮಣ್ಣು ಇರುವುದರಿಂದ ಹಿಮ ಕರಗಿದ ನೀರು ಕೆಳಗಿಳಿಯದೆ ಬೂದಿಯಲ್ಲೇ ನಿಲ್ಲುತ್ತದೆ. ಹೆಂಟೆಯನ್ನು ಬೆರಳಲ್ಲಿ ಹಿಸುಕಿದರೆ ತಟ್ಟನೆ ಜಾರಿ ನೀರು ಬಿಡುತ್ತದೆ. ನಮ್ಮ ಎರೆಮಣ್ಣೂ ಜ್ವಾಲಾಮುಖಿ ಶಿಲೆಯಿಂದ ಹುಟ್ಟಿದ್ದೇ ಆದರೂ ಇದರ ಗುಣವೇ ಬೇರೆ.

ಚಳಿಯಲ್ಲಿ ಸೂಕ್ಷ್ಮಜೀವಿಗಳ ಕೆಲಸ ಮಂದವಾಗುವುದರಿಂದ ನೀರು ನಿಂತ ಮಣ್ಣಿನ ಗುರುತಾದ ತುಕ್ಕಿನ ಮಚ್ಚೆಗಳು ಸರಿಯಾಗಿ ಮೂಡಿಲ್ಲ. ಕಾಣುವ ಮಸುಕು ಬಣ್ಣ ನೀರು ನಿಂತದ್ದರಿಂದಲೋ, ಬೂದಿಯದೇ ಬಣ್ಣವೋ ತಿಳಿಯುತ್ತಿಲ್ಲ. ಫೆರಸ್ ಕಬ್ಬಿಣ (ನೀರು ನಿಂತು ಗಾಳಿ ಸಿಗದ ಮಣ್ಣಿನಲ್ಲಿ ಕಬ್ಬಿಣ ತಾಳುವ ರೂಪ) ಇದ್ದರೆ ಕೆಂಪಾಗಬೇಕಾದ ಡೈಪಿರಿಡಿಲ್ ದ್ರಾವಣವನ್ನು ಹನಿಸಿದಾಗ, ನೀರು ತುಂಬಿದ್ದ ನಾಲ್ಕು ಗುಂಡಿಗಳಲ್ಲಿ ಒಂದರಲ್ಲಿ ಮಾತ್ರ ಬಣ್ಣ ಬಂತು. ಈ ಪರೀಕ್ಷೆಯನ್ನು ಮಣ್ಣು ಬೆಚ್ಚಗಾದ ಮೇಲೆ ಮತ್ತೆ ಮಾಡಬೇಕೇ? ಬೂದಿಯಿಂದ ರೂಪುಗೊಳ್ಳುವ ಜೇಡಿಯಂಥ ಖನಿಜವಾದ ಅಲೋಫೇನ್ ಒಣಗಿದರೆ ಮೊದಲಿನ ಸ್ಥಿತಿಗೆ ಮರಳದು ಎಂಬುದನ್ನು ಮರೆತು ಮೊದಲ ಮಾದರಿಗಳನ್ನು ಒಣಗಿಸಿಬಿಟ್ಟೆ, ಅದು ಇನ್ನೂ ಕೊರೆಯುತ್ತಿದೆ. ಹಸಿ ಮಾದರಿಗಳನ್ನು ಕೆಡದಂತೆ ಎಷ್ಟು ದಿನ ಇಡಬಹುದೆಂದು ಅನುಭವವುಳ್ಳವರು ದಯವಿಟ್ಟು ತಿಳಿಸಿ.