ಕಾಲೇಜಿನಲ್ಲಿ ನಿಧಿ ಸಂಗ್ರಹ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಹೊಸಚಿಗುರು

ನಾವು ಪದವಿ ಎರಡನೇ ವರ್ಷದ ಕೆಲವರು ಸೇರಿ, ಕ್ಯಾನ್ಸರ್ ಬಂದ ಮಕ್ಕಳ ಕುಟುಂಬಗಳಿಗೆ ನೆರವಾಗುವ ಒಂದು ಸಂಸ್ಥೆಗಾಗಿ ಕ್ಯಾಂಪಸ್‌ನಲ್ಲೇ ದುಡ್ಡು ಕೂಡಿಸಲು ಹೊರಟಿದ್ದೇವೆ. ಒಂದು ಸಂಜೆ ಸಂಗೀತ, ಹಳೇ ಪುಸ್ತಕಗಳ ಮಾರಾಟ, ಜೊತೆಗೆ ಡಬ್ಬಿ ಹಿಡಿದು ತರಗತಿ ತರಗತಿಗೆ ಹೋಗುವುದು. ಪ್ರಾಂಶುಪಾಲರು ಬಾಯಿಮಾತಲ್ಲಿ ಒಪ್ಪಿದ್ದಾರೆ. ಜಗಳ ಇರೋದು ನಮ್ಮೊಳಗೇ. ವೇದಿಕೆ, ಧ್ವನಿವರ್ಧಕ ಜೋರಾಗಿರಲಿ ಅಂತ ಅರ್ಧ ಜನ. ಎಲ್ಲ ಅದಕ್ಕೇ ಸುರಿದರೆ ಮಕ್ಕಳಿಗೆ ಏನು ಉಳಿಯುತ್ತೆ ಅಂತ ಉಳಿದವರು. ಅನುಭವ ಇದ್ದವರು ಹೇಳಿ.

ಉತ್ತರ: ರಾತ್ರಿಪಾಳಿ

ದೊಡ್ಡದಾಗಿಯೇ ಮಾಡಿ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ‘ಥಾನ್’ ನೋಡಿ. 46 ಗಂಟೆ ಕೂರದೆ, ನಿದ್ದೆ ಮಾಡದೆ ವಿದ್ಯಾರ್ಥಿಗಳು ಕುಣಿಯುತ್ತಾರೆ. ಜನ ಸೇರದೆ ದುಡ್ಡು ಸೇರಲ್ಲ.

ಉತ್ತರ: ಖಾತೆಪುಸ್ತಕ

ಓದುವಾಗ ವಿದ್ಯಾರ್ಥಿ ಸಂಘದ ಖಜಾಂಚಿಯಾಗಿದ್ದೆ. ಈಗ ಒಂದು ಸೇವಾಸಂಸ್ಥೆಯಲ್ಲಿ ದೇಣಿಗೆ ಲೆಕ್ಕ ನೋಡುತ್ತೇನೆ. ಹಾಗಾಗಿ ಕೊಡುವವರ ಕಡೆಯಿಂದಲೂ ಪಡೆಯುವವರ ಕಡೆಯಿಂದಲೂ ಹೇಳಬಲ್ಲೆ.

ಥಾನ್ 1973ರಲ್ಲಿ ಶುರುವಾದದ್ದು. 1977ರಿಂದ ಅವರು ಮಕ್ಕಳ ಕ್ಯಾನ್ಸರ್‌ಗಾಗಿ ದುಡಿಯುವ ‘ಫೋರ್ ಡೈಮಂಡ್ಸ್’ ಎಂಬ ಒಂದೇ ನಿಧಿಯನ್ನು ಹಿಡಿದುಕೊಂಡು ಬಂದಿದ್ದಾರೆ. ಆ ಕುಟುಂಬಗಳೇ ಕಾರ್ಯಕ್ರಮಕ್ಕೆ ಬರುತ್ತವೆ. ಕುಣಿತ ನಮ್ಮ ಕಣ್ಣಿಗೆ ಬೀಳುತ್ತೆ, ಆದರೆ ಅದನ್ನು ಬೆಳೆಸಿದ್ದು ಈ ನಂಟು ಅಂತಲೇ ನಾನು ನಂಬುತ್ತೇನೆ. ಆದ್ದರಿಂದ ವೇದಿಕೆಯ ಮಾತು ಆಮೇಲೆ. ಮೊದಲು ಆ ಸಂಸ್ಥೆಗೆ ಹೋಗಿ, ಏನು ಬೇಕು ಅಂತ ಕೇಳಿ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆಯೇ ಎರಡು ಮೂರು ವರ್ಷ ನಡೆಯುತ್ತೆ. ಅಷ್ಟು ಕಾಲ ಅಪ್ಪನೋ ಅಮ್ಮನೋ ಕೆಲಸ ಬಿಟ್ಟು ಮಗುವಿನ ಜೊತೆ ಓಡಾಡಬೇಕು. ಅವರಿಗೆ ಬೇಕಾದದ್ದು ಔಷಧಕ್ಕಿಂತ ಬಸ್ಸಿನ ಖರ್ಚು, ಉಳಿಯಲು ಒಂದು ಕೋಣೆ ಆಗಿರಬಹುದು. ಕೇಳದೆ ಬಳಸಿದ ಗೊಂಬೆಗಳನ್ನು ಮೂಟೆಗಟ್ಟಲೆ ತಂದುಕೊಡುವವರಿದ್ದಾರೆ. ಚಿಕಿತ್ಸೆಯಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿದ ಮಗುವಿನ ಕೈಗೆ ಅವನ್ನು ಕೊಡಲಾಗುವುದಿಲ್ಲ. ತಂದವರ ಮುಖ ನೋಡಿ ಹಾಗೆ ಹೇಳುವುದು ನನಗೆ ತುಂಬ ಕಷ್ಟ.

ಎರಡನೆಯದು, ಸೊನ್ನೆಯಿಂದ ಶುರು ಮಾಡಬೇಡಿ. ಜಾನ್ ಲಿಸ್ಟ್ ಮತ್ತು ಡೇವಿಡ್ ಲಕಿಂಗ್-ರೈಲಿ ಎಂಬ ಅರ್ಥಶಾಸ್ತ್ರಜ್ಞರು ಒಂದು ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ಕೊಳ್ಳಲು ಜನರಿಗೆ ಪತ್ರ ಬರೆದು ಪ್ರಯೋಗ ಮಾಡಿದರು, 2002ರಲ್ಲಿ ಪ್ರಕಟವಾಯಿತು. ಗುರಿಯ 10% ಈಗಾಗಲೇ ಕೈಸೇರಿದೆ ಎಂದಾಗ ಬಂದದ್ದಕ್ಕಿಂತ, 67% ಸೇರಿದೆ ಎಂದಾಗ ಸುಮಾರು ಆರು ಪಟ್ಟು ಹಣ ಬಂತು. ಹಾಗಾಗಿ ಅಧ್ಯಾಪಕರು, ಹಳೇ ವಿದ್ಯಾರ್ಥಿಗಳ ಹತ್ತಿರ ಮೊದಲೇ ಹೋಗಿ, ಸಿಕ್ಕಿದ್ದನ್ನು ಸೂಚನಾ ಫಲಕದಲ್ಲಿ ಹಾಕಿ, ಆಮೇಲೆ ತರಗತಿಗಳಿಗೆ ಹೋಗಿ. ವೇದಿಕೆಯ ಖರ್ಚಿಗೆ ಬೇರೆ ಪ್ರಾಯೋಜಕರನ್ನು ಹಿಡಿಯಿರಿ. ಸಿಗದಿದ್ದರೆ ಮೈಕೊಂದೇ ಸಾಕು. ಮಕ್ಕಳ ಹೆಸರಲ್ಲಿ ಬಂದ ದುಡ್ಡಿನಿಂದ ಶಾಮಿಯಾನದ ಬಾಡಿಗೆ ಕಟ್ಟಬಾರದು, ಈ ವಿಷಯದಲ್ಲಿ ನಿಮ್ಮ ಎರಡನೇ ಗುಂಪಿನವರ ಮಾತೇ ಸರಿ.

ಪ್ರಾಂಶುಪಾಲರ ಒಪ್ಪಿಗೆ ಬರಹದಲ್ಲಿರಲಿ.

ಉತ್ತರ: ಮಳೆಬಿಲ್ಲು

ಒಂದು ಮಾತು ಸೇರಿಸುತ್ತೇನೆ. ನನ್ನ ತಮ್ಮನಿಗೆ ಚಿಕಿತ್ಸೆ ನಡೆಯುತ್ತಿದ್ದಾಗ ಯಾರೋ ಅವನ ಫೋಟೋ ಪೋಸ್ಟರಿಗೆ ಹಾಕಿದ್ದರು. ಅಪ್ಪ ಅಮ್ಮನನ್ನೂ ಕೇಳಿರಲಿಲ್ಲ, ಅವನನ್ನೂ ಕೇಳಿರಲಿಲ್ಲ. ಗುಣವಾಗಿ ಶಾಲೆಗೆ ಹೋದ ಮೇಲೂ ಅವನನ್ನು ‘ಪೋಸ್ಟರ್ ಹುಡುಗ’ ಅಂತಲೇ ಕರೆದರು. ದಯವಿಟ್ಟು ಮಕ್ಕಳ ಮುಖ ಬೇಡ.

ಹೊಸಚಿಗುರು

ತುಂಬ ಉಪಕಾರ ಆಯ್ತು. ಪೋಸ್ಟರಿಗೆ ನಮ್ಮ ಚಿತ್ರಕಲೆ ಗುಂಪಿನವರೇ ಬರೆಯುತ್ತಾರೆ, ಫೋಟೋ ಇಲ್ಲ. ನಾಳೆಯೇ ಸಂಸ್ಥೆಗೆ ಫೋನ್ ಮಾಡುತ್ತೇವೆ. ಡಬ್ಬಿಗಳ ವಿಷಯ ಹೇಳಿ. ಯಾರ ಹತ್ತಿರ ಇಡೋದು? ಗುರಿಗಿಂತ ಹೆಚ್ಚು ಬಂದರೆ ಏನು ಮಾಡೋದು?

ಉತ್ತರ: ಖಾತೆಪುಸ್ತಕ

ಡಬ್ಬಿ ನಿಮ್ಮ ಹತ್ತಿರ, ಬೀಗದ ಕೈ ಅಧ್ಯಾಪಕರೊಬ್ಬರ ಹತ್ತಿರ. ಪ್ರತಿ ಡಬ್ಬಿಗೂ ಒಂದು ನಂಬರ್ ಹಾಕಿ, ಯಾವುದು ಯಾರ ಕೈಯಲ್ಲಿ ಹೋಯಿತು ಅಂತ ಬರೆದಿಡಿ. ಎಷ್ಟೇ ನಂಬಿಕಸ್ಥರಾದರೂ ಒಬ್ಬರೇ ಎಣಿಸುವುದು ಬೇಡ. ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕಲಿ. ನಾಳೆ ಯಾರಾದರೂ ಬೆರಳು ತೋರಿಸಿದರೆ ಆ ಹುಡುಗ ಹುಡುಗಿಯರನ್ನು ಕಾಪಾಡುವುದು ಆ ಹಾಳೆಯೇ. ಹಣ ಅದೇ ದಿನ ಬ್ಯಾಂಕಿಗೆ ಹೋಗಲಿ, ಯಾರ ಸ್ವಂತ ಖಾತೆಗೂ ಬೇಡ. ಹೆಚ್ಚು ಬಂದರೆ ಅದೂ ಅದೇ ಸಂಸ್ಥೆಗೆ ಅಂತ ಪೋಸ್ಟರಿನಲ್ಲೇ ಈಗಲೇ ಬರೆದುಬಿಡಿ. ಬಂದದ್ದೆಷ್ಟು, ಖರ್ಚೆಷ್ಟು, ಕೊಟ್ಟದ್ದೆಷ್ಟು ಅನ್ನೋದನ್ನ ಸಂಸ್ಥೆಯ ರಸೀದಿ ಸಮೇತ ಅದೇ ಸೂಚನಾ ಫಲಕದಲ್ಲಿ ಹಾಕಿ. ಮುಂದಿನ ವರ್ಷದವರಿಗೆ ಆ ಕಡತ ಒಪ್ಪಿಸಿ ಹೋಗಿ.