ಪದಚರ್ಚೆ: ಯಾಟ್, ದಕ್ಕೆ, ಒಂತ್ಸಿ – ಗೆತಾರಿಯ ಬಂದರಿನಿಂದ ತಂದ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ.

ಕಳೆದ ಸೆಪ್ಟೆಂಬರಿನಲ್ಲಿ ಗೆಳೆಯರೊಬ್ಬರ ದೋಣಿಯಲ್ಲಿ ಫ್ರಾನ್ಸಿನ ಗಡಿಯೂರಾದ ಆಂದಾಯ್‌ನಿಂದ ಹೊರಟು, ಸ್ಪೇನಿನ ಬಾಸ್ಕ್ ಕರಾವಳಿಯ ಗೆತಾರಿಯ ಎಂಬ ಪುಟ್ಟ ಬಂದರಿಗೆ ಹೋಗಿದ್ದೆ. ಆ ಪ್ರಯಾಣವನ್ನು ಕನ್ನಡದಲ್ಲಿ ಬರೆಯಲು ಕುಳಿತಿದ್ದೇನೆ. ನಾನು ಗಂಗೊಳ್ಳಿ ಕಡೆಯವನು, ದೋಣಿಗಳ ನಡುವೆಯೇ ಬೆಳೆದವನು. ಆದರೂ ಮೊದಲ ಪುಟದಲ್ಲೇ ಪದಗಳು ಕೈಕೊಟ್ಟಿವೆ. ಬಲ್ಲವರು ನೆರವಾಗಬೇಕು.

ಮೊದಲ ತೊಡಕು ‘ಯಾಟ್’. ಇದಕ್ಕೆ ಕನ್ನಡದಲ್ಲಿ ‘ವಿಹಾರನೌಕೆ’ ಎಂದು ಬರೆಯುವುದು ರೂಢಿಯಾಗಿದೆ. ಆ ಪದ ಓದಿದರೆ ಕಣ್ಣಿಗೆ ಕಟ್ಟುವುದು ಸಿರಿವಂತರ ಬಿಳಿ ಹಡಗು. ನಾವು ಹೋದದ್ದು ಒಂಬತ್ತು ಮೀಟರ್ ಉದ್ದದ ಹಳೆಯ ದೋಣಿಯಲ್ಲಿ. ನಾಲ್ವರಿದ್ದೆವು. ಪಡುವಣ ಗಾಳಿ ನೇರ ಎದುರಿಗೆ ಬೀಸುತ್ತಿದ್ದುದರಿಂದ ಇಡೀ ಹಗಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಹಾಯುತ್ತ ಸಾಗಿದೆವು. ಸಂಜೆಯ ಹೊತ್ತಿಗೆ ತೊಟ್ಟ ಬಟ್ಟೆಯೆಲ್ಲ ಉಪ್ಪುಗಟ್ಟಿತ್ತು. ಇದನ್ನು ವಿಹಾರ ಎನ್ನಲು ಮನಸ್ಸು ಒಪ್ಪುವುದಿಲ್ಲ. ಯಾಟ್ ಪದದ ಮೂಲದಲ್ಲೂ ವಿಹಾರವಿಲ್ಲ. ಡಚ್ ಭಾಷೆಯ ‘ಯಾಖ್ಟ್’ ಎಂದರೆ ಬೇಟೆ. ಬೆನ್ನಟ್ಟಿ ಹೋಗಬಲ್ಲ ಹಗುರವಾದ, ವೇಗದ ಹಡಗಿಗೆ ಅವರು ಇಟ್ಟ ಹೆಸರು ಅದು. 1660ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರವು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ಗೆ ‘ಮೇರಿ’ ಎಂಬ ಇಂಥದೊಂದು ಹಡಗನ್ನು ಉಡುಗೊರೆಯಾಗಿ ಕೊಟ್ಟಿತು. ಇಂಗ್ಲೆಂಡಿನಲ್ಲಿ ಯಾಟ್‌ಗೆ ವಿಹಾರದ ಅರ್ಥ ಅಂಟಿದ್ದು ಆ ದೊರೆಯ ಹಾಯಿ ಗೀಳಿನಿಂದ. ಬಾಸ್ಕ್ ಭಾಷೆಯಲ್ಲಿ ಹಾಯಿಹಡಗಿಗೆ ‘ಬೆಲಾ ಒಂತ್ಸಿ’ ಎನ್ನುತ್ತಾರೆ: ಬೆಲಾ ಎಂದರೆ ಹಾಯಿ, ಒಂತ್ಸಿ ಎಂದರೆ ಹಡಗು. ಹಾಗಿರುವಾಗ ನಾವು ‘ಹಾಯಿದೋಣಿ’ ಎಂದರೆ ಸಾಲದೇ? ನನಗಂತೂ ಸಾಕು. ಎಂಜಿನ್ನಿನಿಂದಲೇ ಓಡುವ ದೊಡ್ಡ ಯಾಟ್‌ಗೆ ಬೇಕಾದರೆ ವಿಹಾರನೌಕೆ ಇರಲಿ.

ಎರಡನೆಯದು ಇದಕ್ಕಿಂತ ಕಷ್ಟದ್ದು. ಗೆತಾರಿಯದ ಎದುರಿಗೆ ಸಾನ್ ಆಂತೋನ್ ಎಂಬ ಗುಡ್ಡ ಕಡಲಿಗೆ ಚಾಚಿಕೊಂಡಿದೆ. ದೂರದಿಂದ ನೋಡಿದರೆ ಕುಳಿತ ಇಲಿಯ ಹಾಗೆ ಕಾಣುವುದರಿಂದ ಜನ ಅದನ್ನು ಇಲಿ ಎಂದೇ ಕರೆಯುತ್ತಾರೆ. ಹಿಂದೆ ಅದು ದ್ವೀಪವಾಗಿತ್ತು, ಆಮೇಲೆ ಕಟ್ಟೆ ಕಟ್ಟಿ ದಡಕ್ಕೆ ಸೇರಿಸಿದರು. ಅದನ್ನು ಬಲಕ್ಕೆ ಬಿಟ್ಟು ಒಳಗೆ ತಿರುಗಿದ ಕೂಡಲೇ, ದಿನವಿಡೀ ಕಿವಿಯಲ್ಲಿದ್ದ ಗಾಳಿಯ ಸದ್ದು ನಿಂತಿತು. ಹಾಯಿ ಜೋತುಬಿತ್ತು. ಸುಟ್ಟ ಮೀನಿನ ವಾಸನೆ ಬಂತು. ಗಾಳಿಯಿಂದ ಹೀಗೆ ರಕ್ಷಣೆ ಕೊಡುವ ನೀರಿನ ತಾವನ್ನು ಕನ್ನಡದಲ್ಲಿ ಏನೆನ್ನಬೇಕು? ‘ಬಂದರು’ ಪಾರಸಿಯಿಂದ ಬಂದ ಪದ. ಸುಂಕ, ಕಚೇರಿ, ಗೋದಾಮು ಎಲ್ಲವೂ ಸೇರಿದ ವ್ಯವಸ್ಥೆ ಅದು. ‘ರೇವು’ ಎಂದರೆ ದೋಣಿ ಹತ್ತಿ ಇಳಿಯುವ ಜಾಗ. ನಮ್ಮಲ್ಲಿ ‘ಅಳಿವೆ’ ಎಂಬ ಸೊಗಸಾದ ಪದವಿದೆ, ಆದರೆ ಅದು ನದಿ ಕಡಲು ಸೇರುವ ಬಾಯಿಗೆ ಸಲ್ಲುವಂಥದು. ಗಂಗೊಳ್ಳಿ, ಹೊನ್ನಾವರ, ತದಡಿ, ಮಂಗಳೂರಿನ ಹಳೆ ಬಂದರು ಎಲ್ಲವೂ ಅಳಿವೆಯ ಬಂದರುಗಳು. ಬಾಸ್ಕ್ ಕರಾವಳಿಯಲ್ಲೂ ಓರಿಯೊ, ಸುಮಾಯ, ಒಂದಾರೋವ ಊರುಗಳಿಗೆ ‘ಅಳಿವೆ’ ಎಂದು ಕಣ್ಣುಮುಚ್ಚಿ ಬರೆಯಬಹುದು. ಗೆತಾರಿಯದಲ್ಲಿ ನದಿಯಿಲ್ಲ, ಗುಡ್ಡದ ಮರೆಯಿದೆ. ಅದಕ್ಕೇ ‘ಗಾಳಿಮರೆ’ ಎಂದು ಬರೆದುಕೊಂಡಿದ್ದೇನೆ. ಕಾರವಾರದಂಥ ಕಡೆ, ಗುಡ್ಡ ಮತ್ತು ದ್ವೀಪಗಳ ಆಸರೆಯಲ್ಲಿ ದೋಣಿ ನಿಲ್ಲಿಸುವವರ ಬಾಯಲ್ಲಿ ಇದಕ್ಕೆ ಬೇರೆ ಪದ ಇರಲೇಬೇಕು. ಆ ಕಡೆಯವರು ದಯವಿಟ್ಟು ಕೇಳಿ ತಿಳಿಸಿ.

‘ಲಂಗರು ಹಾಕಿದೆವು’ ಎಂದು ಬರೆದು ಹೊಡೆದುಹಾಕಿದೆ, ಏಕೆಂದರೆ ನಾವು ಲಂಗರನ್ನು ಮುಟ್ಟಲೇ ಇಲ್ಲ. ಮೀನುದೋಣಿಗಳನ್ನು ಕಟ್ಟುವ ದಕ್ಕೆಯ ಗೋಡೆಗೆ ಹತ್ತಿರವಾದಾಗ ಮೇಲೆ ನಿಂತಿದ್ದ ಹಿರಿಯರೊಬ್ಬರು ಕೈ ಚಾಚಿ ‘ಲೋತು, ಲೋತು’ ಎಂದರು. ಹಗ್ಗ ಎಸೆದೆ. ಅವರು ಅದನ್ನು ಕಬ್ಬಿಣದ ಗೂಟಕ್ಕೆ ಎರಡು ಸುತ್ತು ಸುತ್ತಿ, ಬಿಗಿಯದೆ, ಇನ್ನೂ ಮೂರು ಮಾರು ಸಡಿಲ ಬಿಡುವಂತೆ ಸನ್ನೆ ಮಾಡಿದರು. ಕಾರಣ ಮರುದಿನ ಬೆಳಗ್ಗೆ ತಿಳಿಯಿತು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಾಲ್ಕು ಮೀಟರ್‌ಗಿಂತ ಹೆಚ್ಚು ಅಂತರ. ಹಗ್ಗ ಬಿಗಿದಿದ್ದರೆ ನೀರಿಳಿದಾಗ ದೋಣಿ ಗೋಡೆಗೆ ನೇತುಬೀಳುತ್ತಿತ್ತು. ‘ಲೋತು’ ಎಂದರೆ ಕಟ್ಟು. ನಮ್ಮಲ್ಲೂ ದೋಣಿಯನ್ನು ‘ಕಟ್ಟುತ್ತಾರೆ’. ದಡಕ್ಕೆ ಕಟ್ಟಿದ ದೋಣಿಗೂ ಲಂಗರು ಹಾಕಿಸುವ ಅಭ್ಯಾಸವನ್ನು ನಮ್ಮ ಪತ್ರಿಕೆಗಳು ಬಿಡಬೇಕು ಎಂಬುದು ನನ್ನ ಮನವಿ. ಉಬ್ಬರ, ಇಳಿತಗಳಿಗೆ ಅವರು ಹೇಳುವುದು ‘ಇತ್ಸಸ್‌ಗೋರ’, ‘ಇತ್ಸಸ್‌ಬೆಹೆರ’: ಕಡಲು ಮೇಲೆ, ಕಡಲು ಕೆಳಗೆ.

ಇಲ್ಲೇ ಇನ್ನೊಂದು ಪ್ರಶ್ನೆ. ‘ದಕ್ಕೆ’ಯೋ ‘ಧಕ್ಕೆ’ಯೋ? ಪತ್ರಿಕೆಗಳಲ್ಲಿ ಎರಡೂ ಕಾಣುತ್ತವೆ. ‘ಧಕ್ಕೆ’ಗೆ ಹಾನಿ ಎಂಬ ಅರ್ಥ ನೆಲೆಯೂರಿರುವಾಗ, ದೋಣಿ ಕಟ್ಟುವ ಜಾಗಕ್ಕೆ ‘ದಕ್ಕೆ’ ಎಂದು ಬರೆಯುವುದೇ ಮೇಲು ಎಂದು ನನ್ನ ಅಭಿಪ್ರಾಯ. ಹಾಯಿದೋಣಿಗಳನ್ನು ಸಾಲಾಗಿ ಕಟ್ಟುವ, ನೀರಿನೊಂದಿಗೆ ಏರಿ ಇಳಿಯುವ ಹಲಗೆಹಾದಿಗೆ ‘ತೇಲುದಕ್ಕೆ’ ಎಂದರೆ ಹೇಗೆ? ‘ಮರೀನಾ’ ಪದವಿಲ್ಲದೆ ಕೆಲಸ ನಡೆಯುತ್ತದೆ.

ಬಂದರಿನ ಮೇಲುಗಡೆ ಹುವಾನ್ ಸೆಬಾಸ್ತಿಯಾನ್ ಎಲ್ಕಾನೊ ಅವರ ಸ್ಮಾರಕವಿದೆ. ಗೆತಾರಿಯದಲ್ಲೇ ಹುಟ್ಟಿದವರು. ಯಾನದ ನಾಯಕ ಮೆಗಲ್ಲನ್ 1521ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಹತರಾದ ಮೇಲೆ, ಉಳಿದ ಒಂದೇ ಹಡಗು ‘ವಿಕ್ಟೋರಿಯಾ’ದಲ್ಲಿ ಜಗತ್ತನ್ನು ಸುತ್ತಿ 1522ರಲ್ಲಿ 17 ಮಂದಿಯೊಂದಿಗೆ ಸ್ಪೇನಿಗೆ ಮರಳಿದವರು ಇವರು. ಇದನ್ನು ನಾವು ‘ಭೂಪ್ರದಕ್ಷಿಣೆ’ ಎನ್ನುತ್ತೇವಲ್ಲ, ಪದ ಎಷ್ಟು ಸರಿಯಾಗಿದೆ ನೋಡಿ: ಅವರು ಸಾಗಿದ್ದು ಪಡುವಣಕ್ಕೆ. ಉತ್ತರ ಧ್ರುವದ ಮೇಲಿನಿಂದ ನೋಡಿದರೆ ಅದು ಎಡದಿಂದ ಬಲಕ್ಕೆ, ಗರ್ಭಗುಡಿಯನ್ನು ಸುತ್ತುವ ಹಾಗೆಯೇ. ಮೂಡಣಕ್ಕೆ ಹೊರಟು ಸುತ್ತಿ ಬಂದವರದು ಅಪ್ರದಕ್ಷಿಣೆ ಎನ್ನಬೇಕಾಗುತ್ತಿತ್ತು.

ಈಗ ನನ್ನನ್ನು ಹೆಚ್ಚು ಕಾಡುತ್ತಿರುವ ಪದ, ಒಂತ್ಸಿ. ದೋಣಿಯವರು ಸ್ನಾನ ಮಾಡುವ ಕಟ್ಟಡದ ಹಿಂದೆ ನೀರಿನ ತೊಟ್ಟಿಗಳ ಮೇಲೆ ‘ಒಂತ್ಸಿಯಾಕ್ ಗರ್ಬಿತ್ಸೆಕೊ’ ಎಂಬ ಫಲಕವಿತ್ತು. ಹಡಗು ತೊಳೆಯಲು ಎಂದು ಅರ್ಥ ಮಾಡಿಕೊಂಡೆ. ಪಕ್ಕದಲ್ಲಿ ತಟ್ಟೆ ಉಜ್ಜುತ್ತಿದ್ದ ಹೆಂಗಸು ತಮ್ಮ ಕೈಲಿದ್ದ ತಟ್ಟೆಯನ್ನೇ ಎತ್ತಿ ತೋರಿಸಿ ‘ಒಂತ್ಸಿ’ ಎಂದರು. ಪಾತ್ರೆಯೂ ಒಂತ್ಸಿಯೇ, ಹಡಗೂ ಒಂತ್ಸಿಯೇ! ಬಾಸ್ಕ್ ಭಾಷೆಗೆ ಜಗತ್ತಿನ ಬೇರಾವ ಭಾಷೆಯೊಂದಿಗೂ ನಂಟು ಸಾಬೀತಾಗಿಲ್ಲ. ಆದರೆ ಟೊಳ್ಳಾದದ್ದೆಲ್ಲ ನೀರನ್ನು ಒಳಗೂ ಇಡಬಲ್ಲದು, ಹೊರಗೂ ಇಡಬಲ್ಲದು ಎಂಬ ಕಾಣ್ಕೆ ನಮ್ಮ ಭಾಷೆಗಳಲ್ಲೂ ಇದೆ. ಸಂಸ್ಕೃತದ ‘ದ್ರೋಣಿ’ ಎಂದರೆ ಮರಿಗೆಯೂ ಹೌದು, ದೋಣಿಯೂ ಹೌದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯಲ್ಲಿ ನೀರು ನಿಲ್ಲುವ ಲಕ್ಕಿದೊಣೆ, ಕಂಚಿನದೊಣೆಗಳಿವೆ. ಈ ‘ದೊಣೆ’ಯೂ ನಮ್ಮ ‘ದೋಣಿ’ಯೂ ಒಂದೇ ಬೇರಿನವೇ?

ತಮಿಳಿನ ‘ಕಲಂ’ ಕೂಡ ಹೀಗೆಯೇ: ಉಣ್ಣುವ ಪಾತ್ರೆ, ಮಡಕೆ, ಹಡಗು. ಮರದ ಹಡಗಿಗೆ ‘ಮರಕ್ಕಲಂ’ ಎನ್ನುತ್ತಾರೆ. ಇದನ್ನು ಓದಿದಾಗಿನಿಂದ ನಮ್ಮೂರಿನ ಹೆಸರುಗಳು ಬೇರೆಯಾಗಿ ಕೇಳಿಸುತ್ತಿವೆ. ಕುಂದಾಪುರ, ಉಡುಪಿ ಕಡೆಯ ಮೊಗವೀರರಲ್ಲಿ ‘ಮರಕಾಲ’ ಎಂಬ ಹೆಸರಿದೆ. ನನ್ನ ಜೊತೆ ಶಾಲೆಗೆ ಬಂದವರಲ್ಲೇ ಎಷ್ಟೋ ಮರಕಾಲರಿದ್ದರು. ಆ ‘ಕಾಲ’ದಲ್ಲಿ ಇರುವುದು ಹಡಗೇ? ಹಳೆಯ ಶಾಸನಗಳಲ್ಲೋ ದಾಖಲೆಗಳಲ್ಲೋ ಈ ಹೆಸರಿನ ಹಿಂದಿನ ರೂಪವನ್ನು ಕಂಡವರು ಇದ್ದರೆ, ಸಾಲನ್ನು ಇದ್ದ ಹಾಗೆಯೇ ಇಲ್ಲಿ ಹಾಕಬೇಕೆಂದು ಕೋರುತ್ತೇನೆ.