ನೋವು ಎಲ್ಲಿದೆ ಅಂತ ಹೇಳಲಾಗದವರ ನರ್ಸಿಂಗ್: ಅನುಭವ ಇದ್ದವರು ಹೇಳಿ

ಆರು ವರ್ಷ ಸರ್ಜಿಕಲ್ ವಾರ್ಡಿನಲ್ಲಿದ್ದೆ. ಮುಂದಿನ ವಾರದಿಂದ ಬೆಳವಣಿಗೆಯ ನ್ಯೂನತೆ ಇರುವ ವಯಸ್ಕರ ವಸತಿ ಕೇಂದ್ರದಲ್ಲಿ ಕೆಲಸ. ಹದಿನಾಲ್ಕು ಜನ, ಅರ್ಧದಷ್ಟು ಮಂದಿಗೆ ಮಾತಿಲ್ಲ. ಮೊದಲು ಏನು ಕಲಿಯಲಿ?

ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿರುವೆ
ಫೈಲ್ ಆಮೇಲೆ ಓದಿ. ಮೊದಲು ಅವರಿಗೆ ದಿನಾ ಊಟ, ಸ್ನಾನ ಮಾಡಿಸುವವರ ಹತ್ತಿರ ಕೂತು ಕೇಳಿ: ಇವರು ಚೆನ್ನಾಗಿದ್ದಾಗ ಹೇಗಿರ್ತಾರೆ, ಎಷ್ಟು ತಿಂತಾರೆ, ಹೇಗೆ ಮಲಗ್ತಾರೆ? ಅದು ಗೊತ್ತಿಲ್ಲದಿದ್ದರೆ ಹುಷಾರು ತಪ್ಪಿದ್ದೂ ಗೊತ್ತಾಗಲ್ಲ. ನಮ್ಮಲ್ಲೊಬ್ಬರು ಇದ್ದಕ್ಕಿದ್ದಂತೆ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದರು. ‘ಸ್ವಭಾವವೇ ಹಾಗೆ’ ಅಂತ ಚಾರ್ಟಿನಲ್ಲಿ ಬರೆದವಳು ನಾನೇ. ನಿದ್ದೆ ಬರಿಸುವ ಔಷಧದ ಡೋಸ್ ಏರಿತು. ಹದಿನೈದು ದಿನ ಕಳೆದ ಮೇಲೆ ಊಟ ಮಾಡಿಸುವವರು, “ಎಡಗಡೆ ಅಗಿಯೋದೇ ಇಲ್ಲ ಸಿಸ್ಟರ್” ಅಂದರು. ನೋಡಿದರೆ ಕೊಳೆತ ದವಡೆ ಹಲ್ಲು. ಈಗ ಯಾರ ವರ್ತನೆ ಬದಲಾದರೂ ಮೊದಲು ಹಲ್ಲು, ಕಿವಿ, ಮೂತ್ರದ ಸೋಂಕು, ಹೊಟ್ಟೆ ನೋಡ್ತೀನಿ.

ಹೊಟ್ಟೆ ಅಂದ್ರಲ್ಲ, ಅದಕ್ಕೇ ಬಂದೆ
ಮಲಬದ್ಧತೆಯನ್ನು ಹಗುರವಾಗಿ ತಗೋಬೇಡಿ, ಜೀವಕ್ಕೇ ಎರವಾಗಬಹುದು. ಓಡಾಟ ಕಮ್ಮಿ, ನೀರು ಕಮ್ಮಿ, ಮೇಲೆ ಮಾನಸಿಕ ಕಾಯಿಲೆಯ ಔಷಧಗಳು. ಯಾರಿಗೆ ಮಲ ಹೋಯಿತು, ಯಾರಿಗಿಲ್ಲ ಅಂತ ದಿನಾ ಬರೆದಿಡಿ. ಬರೀ ನೀರಾಗಿ ಸೋರುತ್ತಿದ್ದರೆ ಭೇದಿ ಅಂತ ಮಾತ್ರೆ ಕೊಟ್ಟುಬಿಡಬೇಡಿ. ಒಳಗೆ ಗಟ್ಟಿ ಮಲ ಕಟ್ಟಿಕೊಂಡು ಅದರ ಪಕ್ಕದಿಂದ ಸೋರುತ್ತಿರಬಹುದು.

ರಾತ್ರಿ ಪಾಳಿಯಿಂದ
ಫಿಟ್ಸ್ ಶುರುವಾದ ಕೂಡಲೇ ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಅದು ತುರ್ತು. ಯಾರ ತುರ್ತು ಔಷಧ ಎಲ್ಲಿದೆ, ಯಾವಾಗ ಕೊಡಬೇಕು ಅನ್ನೋದನ್ನು ಮೊದಲ ದಿನವೇ ತಿಳ್ಕೊಳ್ಳಿ. ನುಂಗಲು ಕಷ್ಟ ಇರುವವರಿಗೆ ನೆಟ್ಟಗೆ ಕೂರಿಸಿ ಉಣಿಸಿ, ಉಂಡ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಮಾತ್ರೆಗಳನ್ನೆಲ್ಲ ಪುಡಿ ಮಾಡಿ ಕೊಡೋ ಅಭ್ಯಾಸ ಅಲ್ಲಿದ್ದರೆ ಫಾರ್ಮಸಿಸ್ಟ್‌ಗೆ ತೋರಿಸಿ. ನಿಧಾನವಾಗಿ ಕರಗಬೇಕಾದ್ದನ್ನು ಪುಡಿ ಮಾಡಿದರೆ ಇಡೀ ಡೋಸ್ ಒಮ್ಮೆಲೇ ಇಳಿಯುತ್ತೆ.

ಡೌನ್ ಸಿಂಡ್ರೋಮ್ ಇರುವವರು ಇದ್ದಾರಾ?
ಮಂಕಾಗಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ನಲವತ್ತು ದಾಟಿದ ಮೇಲೆ ಮರೆವಿನ ಕಾಯಿಲೆಯೂ ಬರಬಹುದು. ಇನ್ನೊಂದು, ನಲವತ್ತೈದರ ಗಂಡಸನ್ನು ‘ಪುಟ್ಟಾ’ ಅಂತ ಕರೀಬೇಡಿ. ಮಾತು ಬರದಿದ್ದರೂ ಕಿವಿ ಕೇಳಿಸುತ್ತೆ.

ಕೇಳಿದವಳು ನಾನೇ
ಹಲ್ಲಿನ ವಿಷಯ ನನಗೆ ಹೊಳೀತಾನೇ ಇರಲಿಲ್ಲ. ಸೋಮವಾರ ಊಟದ ಹೊತ್ತಿಗೇ ಹೋಗಿ ಕೂರ್ತೀನಿ.